ವಿಷಸರ್ಪಗಳ ಶಿಶಿರನಿದ್ರೆಯೂ ಸಂತಾನವೂ

ಹಾವನ್ನು ಕಂಡರೆ ಕೈಮುಗಿಯುವುದು, ಇಲ್ಲವೆ ಕೋಲನ್ನು ಹುಡುಕುವುದು: ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಈ ಎರಡೇ ವಿಧಿಗಳು ರೂಢಿಯಲ್ಲಿರುವುವು. ನಾಗರಪಂಚಮಿಯ ದಿನ ಹುತ್ತಕ್ಕೆ ಹಾಲೆರೆದ ಕೈಯೇ, ಮರುದಿನ ಹಿತ್ತಲಿನಲ್ಲಿ ಹಾವು ಕಾಣಿಸಿಕೊಂಡರೆ ದೊಣ್ಣೆಯನ್ನೆತ್ತುವುದುಂಟು. ಇವೆರಡನ್ನೂ ಬಿಟ್ಟು ಮೂರನೆಯದೊಂದು ವಿಧಿಯಿದೆ. ಹಾವನ್ನು ಸೆರೆಯಲ್ಲಿಟ್ಟು ಸಾಕಿ, ಅದರ ಸ್ವಭಾವವನ್ನರಿತು, ಚಳಿಗಾಲದಲ್ಲಿ ಮಲಗಿಸಿ, ವಸಂತದಲ್ಲಿ ಎಬ್ಬಿಸಿ, ಅದರಿಂದ ಮರಿಗಳನ್ನು ಪಡೆಯುವುದೇ ಆ ವಿಧಿ. ಅದೂ ಕೇರೆಯಂಥ ಸಾಧುವಾದ ಹಾವನ್ನಲ್ಲ, ಕಡಿದರೆ ಪ್ರಾಣವನ್ನೇ ತೆಗೆಯಬಲ್ಲ ವಿಷಸರ್ಪವನ್ನು. ಯೂರೋಪು ಅಮೆರಿಕ ಖಂಡಗಳ ಮೃಗಾಲಯಗಳಲ್ಲಿಯೂ ಸಂಶೋಧನಾಲಯಗಳಲ್ಲಿಯೂ ಈ ಕಾರ್ಯವು ಬಹುಕಾಲದಿಂದ ನಡೆದುಬಂದಿದೆ. ಅದರ ಕ್ರಮವೇನು, ಅದರಿಂದ ತಿಳಿದುಬಂದುದೇನು, ನಮಗೆ ಅದರಿಂದಾಗುವ ಪ್ರಯೋಜನವೇನು ಎಂಬುದನ್ನು ಈ ಉಪನ್ಯಾಸದಲ್ಲಿ ಸಂಗ್ರಹವಾಗಿ ಹೇಳಲು ಯತ್ನಿಸುತ್ತೇವೆ.

ಕೊಲ್ಲತಕ್ಕ ಪ್ರಾಣಿಯನ್ನು ಬೆಳೆಸುವುದೇಕೆ ಎಂದು ಶ್ರೋತೃಗಳು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. 2000ದಿಂದ 2019ರವರೆಗಿನ 20 ವರ್ಷಗಳಲ್ಲಿ ಭಾರತದಲ್ಲಿ ಹಾವಿನ ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತರೆಂದೂ, ಸರಾಸರಿಯಲ್ಲಿ ವರ್ಷವೊಂದಕ್ಕೆ 58,000 ಜೀವಗಳು ನಷ್ಟವಾದುವೆಂದೂ 2020ರಲ್ಲಿ ಪ್ರಕಟವಾದ ಅಂದಾಜೊಂದು ತಿಳಿಸುತ್ತದೆ. ಇವರಲ್ಲಿ ಬಹುಮಂದಿ ಹಳ್ಳಿಗರು. ಗದ್ದೆಯಲ್ಲಿ ಬರಿಗಾಲಿನಲ್ಲಿ ದುಡಿಯುವವರು, ನೆಲದ ಮೇಲೆ ಮಲಗುವವರು. ಈ ವಿಷಕ್ಕೆ ಪ್ರತಿವಿಷವೊಂದೇ ಮದ್ದು. ಪ್ರತಿವಿಷವಾದರೋ ವಿಷವಿಲ್ಲದೆ ತಯಾರಾಗದು. ವಿಷವು ಹಾವಿಲ್ಲದೆ ದೊರೆಯದು. ಆದಕಾರಣ ಹಾವನ್ನು ಆರೋಗ್ಯವಾಗಿಟ್ಟು ಅದರ ಸಂತಾನವನ್ನು ಬೆಳೆಸುವ ವಿದ್ಯೆಯು, ಕೊನೆಗೆ ಮನುಷ್ಯನ ಪ್ರಾಣರಕ್ಷಣೆಯ ವಿದ್ಯೆಯೇ ಆಗಿದೆ.

ಮೊದಲು ಶಿಶಿರನಿದ್ರೆಯೆಂದರೇನೆಂಬುದನ್ನು ವಿಚಾರಮಾಡೋಣ. ನಮ್ಮ ದೇಹದ ಶಾಖವನ್ನು ನಾವು ಉಂಡ ಅನ್ನವು ಒದಗಿಸುತ್ತದೆ. ಹಾವಿನಲ್ಲಿ ಈ ಏರ್ಪಾಡಿಲ್ಲ. ಬಿಸಿಲು, ಕಾದ ಕಲ್ಲು, ಬೆಚ್ಚನೆಯ ಮಣ್ಣು, ಇವುಗಳಿಂದ ಅದು ಶಾಖವನ್ನು ಎರವಲು ಪಡೆಯುತ್ತದೆ. ಇದರಿಂದ ಅದಕ್ಕೊಂದು ಲಾಭವೂ ಒಂದು ನಷ್ಟವೂ ಉಂಟು. ಅಲ್ಪಾಹಾರದಲ್ಲಿ ಬಹುದಿನ ಬದುಕಬಲ್ಲುದು, ಇದು ಲಾಭ. ಸುತ್ತಲಿನ ಗಾಳಿ ತಣ್ಣಗಾದರೆ ಅದರ ಮೈಯೂ ತಣ್ಣಗಾಗಿ, ಓಡಲಾರದು, ಬೇಟೆಯಾಡಲಾರದು, ನುಂಗಿದುದನ್ನು ಜೀರ್ಣಿಸಲಾರದು, ಇದು ನಷ್ಟ. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲವಿಡೀ ಹಾವು ನೆಲದ ಮೇಲಿದ್ದರೆ ಹೆಪ್ಪುಗಟ್ಟಿ ಸಾಯುವುದು ನಿಶ್ಚಯ. ಆದ್ದರಿಂದ ಅದು ಹಿಮವು ಮುಟ್ಟಲಾರದ ಆಳದ ಬಿಲವನ್ನೋ ಬಂಡೆಯ ಬಿರುಕನ್ನೋ ಮರದ ಬೇರಿನ ಪೊಟರೆಯನ್ನೋ ಸೇರಿ, ನಿಶ್ಚೇಷ್ಟವಾಗಿ ಬಿದ್ದುಕೊಳ್ಳುತ್ತದೆ. ಎದೆಯ ಬಡಿತವೂ ಉಸಿರಾಟವೂ ಬಹಳ ನಿಧಾನವಾಗುತ್ತವೆ. ಬೇಸಗೆಯಲ್ಲಿ ಕೂಡಿಟ್ಟ ಕೊಬ್ಬು ಸ್ವಲ್ಪಸ್ವಲ್ಪವಾಗಿ ಕರಗಿ ಜೀವವನ್ನು ಕಾಯುತ್ತದೆ. ಇದು ನಾವು ರಾತ್ರಿ ಮಾಡುವ ನಿದ್ರೆಯಂಥದಲ್ಲ. ದೀಪದ ಬತ್ತಿಯನ್ನು ಆರದಂತೆ ಸಣ್ಣದು ಮಾಡಿದ ಹಾಗೆ ಎನ್ನಬಹುದು.

ಈ ವಿಷಯದಲ್ಲಿ ಅತ್ಯಂತ ಸೂಕ್ಷ್ಮವಾಗಿ ಪರೀಕ್ಷಿತವಾದ ವಿಷಸರ್ಪಗಳಲ್ಲಿ ಒಂದು ಆಡರ್ ಎಂಬ ಯೂರೋಪಿನ ಮಂಡಲದ ಹಾವು. ಬ್ರಿಟನ್ನಿನಲ್ಲಿ ಸ್ವಾಭಾವಿಕವಾಗಿ ವಾಸಿಸುವ ವಿಷಸರ್ಪ ಇದೊಂದೇ. ಸ್ಕಾಂಡಿನೇವಿಯಾದಲ್ಲಿ ಇದು ಉತ್ತರ ಧ್ರುವವೃತ್ತವನ್ನೂ ದಾಟಿ ಬದುಕಿದೆ. ಹಾವುಗಳಲ್ಲಿ ಇಷ್ಟು ಉತ್ತರಕ್ಕೆ ಹೋದುದು ಬೇರೊಂದಿಲ್ಲ. ಬ್ರಿಟನ್ನಿನಲ್ಲಿ ಅಕ್ಟೋಬರ್ ಸುಮಾರಿಗೆ ಬಿಲ ಸೇರಿದ ಆಡರ್ ಮತ್ತೆ ಹೊರಬರುವುದು ಫೆಬ್ರವರಿ ಮಾರ್ಚಿಗೆ. ಮೊದಲು ಬರುವುವು ಗಂಡುಗಳು. ಹೆಣ್ಣುಗಳು ಕೆಲವು ವಾರಗಳ ಮೇಲೆ. ಇದು ಆಕಸ್ಮಿಕವಲ್ಲ. ಗಂಡಿನ ದೇಹದಲ್ಲಿ ವೀರ್ಯವು ಪಕ್ವವಾಗುವ ಕೊನೆಯ ಹಂತವು ಚಳಿಗಾಲ ಕಳೆದು ವಸಂತದ ಬಿಸಿಲು ಬಿದ್ದ ಮೇಲೆಯೇ ಮುಗಿಯತಕ್ಕದ್ದು. ಅದಕ್ಕಾಗಿ ಗಂಡು ಆಡರ್‌ಗಳು ಬಿಲದ ಬಾಯಿಯಲ್ಲಿ ದಿನವೆಲ್ಲ ಬಿಸಿಲು ಕಾಯುತ್ತ ಮಲಗಿರುತ್ತವೆ. ಆಹಾರವನ್ನು ಕೂಡ ಬಯಸುವುದಿಲ್ಲ. ಏಪ್ರಿಲಿನ ಹೊತ್ತಿಗೆ ಪೊರೆ ಕಳಚಿ, ಹೊಳೆಯುವ ಹೊಸ ಚರ್ಮದೊಡನೆ ಹೆಣ್ಣನ್ನರಸಿ ಹೊರಡುತ್ತವೆ.

ಆಗ ಎರಡು ಗಂಡುಗಳು ಎದುರುಬದುರಾದರೆ ವಿಚಿತ್ರವಾದ ಕಾಳಗವೊಂದು ನಡೆಯುವುದು. ಎರಡೂ ಮುಂಭಾಗವನ್ನೆತ್ತಿ, ಒಂದಕ್ಕೊಂದು ಹೆಣೆದುಕೊಂಡು, ಎದುರಾಳಿಯನ್ನು ನೆಲಕ್ಕೆ ಒತ್ತಲು ಯತ್ನಿಸುತ್ತವೆ. ಕಚ್ಚುವುದಿಲ್ಲ. ಸೋತುದು ಸರಸರನೆ ಹರಿದುಹೋಗುತ್ತದೆ. ಹಿಂದಿನವರು ಇದನ್ನು ಗಂಡುಹೆಣ್ಣುಗಳ ಪ್ರಣಯನೃತ್ಯವೆಂದೇ ಬಗೆದಿದ್ದರು. ನಮ್ಮಲ್ಲಿಯೂ ಇಂಥದೇ ಭ್ರಾಂತಿಯೊಂದು ಪ್ರಚಾರದಲ್ಲಿದೆಯಷ್ಟೆ. ಹೊಲದ ಬದುವಿನಲ್ಲಿ ಎರಡು ಹಾವುಗಳು ಹೆಣೆದುಕೊಂಡು ಏಳುವುದನ್ನು ಕಂಡು, ನಾಗರವೂ ಕೇರೆಯೂ ಕೂಡುತ್ತಿವೆಯೆಂದು ಜನ ದೂರ ಸರಿಯುತ್ತಾರೆ. ವಾಸ್ತವವಾಗಿ ಅವು ಸಾಮಾನ್ಯವಾಗಿ ಎರಡು ಗಂಡು ಕೇರೆಗಳು. ನಡೆಯುತ್ತಿರುವುದು ಮಲ್ಲಯುದ್ಧ, ಮದುವೆಯಲ್ಲ.

ಆಡರ್ ಮೊಟ್ಟೆಯಿಡುವುದಿಲ್ಲ, ಮರಿಗಳನ್ನೇ ಹೆರುತ್ತದೆ. ವಸಂತದಲ್ಲಿ ಕೂಡಿದ ಹೆಣ್ಣು ಆಗಸ್ಟ್ ಸೆಪ್ಟೆಂಬರಿನಲ್ಲಿ ಮರಿಹಾಕುತ್ತದೆ. ಗರ್ಭವನ್ನು ಹೊತ್ತ ಕಾಲದಲ್ಲಿ ಅದು ತಿನ್ನುವುದು ಬಹಳ ಕಡಮೆ. ಬೇಟೆಗಿಂತ ಬಿಸಿಲೇ ಅದಕ್ಕೆ ಮುಖ್ಯ. ಹೆತ್ತ ಮೇಲೆ ಎಲುಬು ಕಾಣುವಷ್ಟು ಬಡಕಲಾಗುತ್ತದೆ. ಕಳೆದುಕೊಂಡ ಕೊಬ್ಬನ್ನು ಮತ್ತೆ ಕೂಡಿಸಿಕೊಳ್ಳಲು ಒಂದು ಬೇಸಗೆ ಸಾಲದು. ಆದಕಾರಣ ಹೆಣ್ಣು ಆಡರ್ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ತೀರ ಚಳಿಯ ಸೀಮೆಗಳಲ್ಲಿ ಮೂರು ವರ್ಷಕ್ಕೊಮ್ಮೆ ಮಾತ್ರ ಹೆರುತ್ತದೆ. ಹಾವುಗಳು ಲೆಕ್ಕವಿಲ್ಲದೆ ಹುಟ್ಟುತ್ತವೆಂಬ ನಂಬಿಕೆಯು ಎಲ್ಲ ಹಾವುಗಳಿಗೂ ಸಲ್ಲುವುದಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು.

ಚಳಿಗೂ ಸಂತಾನಕ್ಕೂ ಇರುವ ಸಂಬಂಧವನ್ನು ಇನ್ನೂ ಸ್ಪಷ್ಟವಾಗಿ ತೋರಿಸಿದುದು, ಕೆನಡಾ ದೇಶದ ಮಾನಿಟೋಬಾ ಪ್ರಾಂತದ ಗಾರ್ಟರ್ ಎಂಬ ಹಾವು. ಇದು ಮನುಷ್ಯರಿಗೆ ಅಪಾಯಕಾರಿಯಲ್ಲ. ಅಲ್ಲಿಯ ನಾರ್ಸಿಸ್ ಎಂಬ ಸ್ಥಳದ ಸುಣ್ಣಕಲ್ಲಿನ ಗುಂಡಿಗಳಲ್ಲಿ ಈ ಹಾವುಗಳು ಹತ್ತಾರು ಸಾವಿರದ ಸಂಖ್ಯೆಯಲ್ಲಿ ಒಟ್ಟಾಗಿ ಚಳಿಗಾಲವನ್ನು ಕಳೆದು, ವಸಂತದಲ್ಲಿ ಹೊರಬಂದೊಡನೆಯೇ ಜೊತೆಗೂಡುತ್ತವೆ. ಬಹುಪ್ರಾಣಿಗಳಲ್ಲಿ ಗಂಡಿನ ಕಾಮವನ್ನು ಪ್ರೇರಿಸುವುದು ವೃಷಣಗಳು ಸ್ರವಿಸುವ ರಸ. ಈ ಹಾವಿನಲ್ಲಿಯಾದರೆ, ವೃಷಣಗಳನ್ನು ತೆಗೆದುಹಾಕಿದ ಗಂಡೂ ಕೂಡ, ಚಳಿಯನ್ನು ಅನುಭವಿಸಿ ಬೆಚ್ಚಗಾದ ಕೂಡಲೆ ಹೆಣ್ಣಿನ ಬೆನ್ನು ಹತ್ತುವುದೆಂದು ಡೇವಿಡ್ ಕ್ರೂಸ್ ಎಂಬ ಅಮೆರಿಕದ ಶಾಸ್ತ್ರಜ್ಞರೂ ಅವರ ಸಂಗಡಿಗರೂ ಪ್ರಯೋಗಗಳಿಂದ ತೋರಿಸಿಕೊಟ್ಟರು. ಎಂದರೆ, ಇದರ ಮಿದುಳಿಗೆ ಕರೆಗಂಟೆಯಾದುದು ಋತುವೇ. ದೀರ್ಘವಾದ ಶೀತ, ಅದರ ಹಿಂದೆ ಬರುವ ಶಾಖ.

ಇನ್ನು ಅಮೆರಿಕದ ಗಿಲಕಿ ಹಾವಿನ ವಿಚಾರ. ಇದರ ಬಾಲದ ತುದಿಯಲ್ಲಿ ಒಣಗಿದ ಉಂಗುರಗಳಂಥ ತುಂಡುಗಳಿದ್ದು, ಅಲುಗಿಸಿದರೆ ಮಕ್ಕಳ ಗಿಲಕಿಯಂತೆ ಸದ್ದಾಗುತ್ತದೆ. ಪೊರೆ ಬಿಟ್ಟಾಗಲೆಲ್ಲ ಹೊಸ ತುಂಡೊಂದು ಸೇರುವುದು. ಈ ಜಾತಿಯಲ್ಲಿ ಟಿಂಬರ್ ಎಂದು ಹೆಸರಾದ ಹಾವು ಅಮೆರಿಕದ ಈಶಾನ್ಯದ ಕಾಡುಗಳಲ್ಲಿ, ತಲತಲಾಂತರದಿಂದ ಗೊತ್ತಾದ ಬಂಡೆಯ ಬಿರುಕುಗಳಲ್ಲಿಯೇ ಗುಂಪಾಗಿ ಚಳಿಗಾಲವನ್ನು ಕಳೆಯುತ್ತದೆ. ಇದರ ಜೊತೆಗೂಡುವ ಕಾಲ ವಸಂತವಲ್ಲ, ಬೇಸಗೆಯ ಕೊನೆ. ಗಂಡಿನ ವೀರ್ಯವನ್ನು ಹೆಣ್ಣು ತನ್ನ ದೇಹದಲ್ಲಿ ಜೋಪಾನವಾಗಿಟ್ಟುಕೊಂಡು ಶಿಶಿರನಿದ್ರೆಗೆ ಹೋಗುತ್ತದೆ. ಮರುವರ್ಷ ಅಂಡಗಳು ಪಕ್ವವಾದಾಗ ಗರ್ಭಧರಿಸಿ, ಬೇಸಗೆಯ ಅಂತ್ಯದಲ್ಲಿ ಹೆರುತ್ತದೆ. ಉತ್ತರದ ಸೀಮೆಗಳಲ್ಲಿ ಹೆಣ್ಣು ಮೊದಲ ಸಲ ಹೆರಲು 7ರಿಂದ 10 ವರ್ಷಗಳಾಗಬೇಕು. ಆಮೇಲೆಯೂ ಮೂರು ನಾಲ್ಕು ವರ್ಷಕ್ಕೊಮ್ಮೆ ಮಾತ್ರ. ಹಿಂದೆ ಸರ್ಕಾರಗಳು ತಲೆಗಿಷ್ಟೆಂದು ಬಹುಮಾನವಿಟ್ಟು ಈ ಬಿರುಕುಗಳಲ್ಲಿಯೇ ಹಾವುಗಳನ್ನು ಕೊಲ್ಲಿಸಿದುವು. ಗುಂಪಾಗಿ ಮಲಗುವ ಪ್ರಾಣಿಯನ್ನು ನಾಶಮಾಡುವುದು ಸುಲಭ. ಇಷ್ಟು ನಿಧಾನವಾಗಿ ಹೆರುವ ಪ್ರಾಣಿ ಮತ್ತೆ ಚೇತರಿಸಿಕೊಳ್ಳುವುದು ದುಸ್ಸಾಧ್ಯ. ಈಗ ಆ ದೇಶದ ಪ್ರಾವಿಡೆನ್ಸ್ ನಗರದ ರೋಜರ್ ವಿಲಿಯಮ್ಸ್ ಮೃಗಾಲಯವೇ ಮೊದಲಾದೆಡೆ ಈ ಹಾವಿನ ಮರಿಗಳನ್ನು ಚಳಿಗಾಲದಲ್ಲಿ ಮಲಗಗೊಡದೆ, ಬೆಚ್ಚಗಿಟ್ಟು ಆಹಾರಕೊಟ್ಟು, ಬೇಗ ದೊಡ್ಡದು ಮಾಡಿ ಕಾಡಿಗೆ ಬಿಟ್ಟುದುಂಟು. ಹೆರಬೇಕಾದ ಹಾವಿಗೆ ಚಳಿ ಬೇಕು. ಬೆಳೆಯಬೇಕಾದ ಮರಿಯನ್ನು ಚಳಿಯಿಂದ ತಪ್ಪಿಸಿದರೆ ಲಾಭ. ಕೊಡಬೇಕಾದುದನ್ನೂ ತಡೆಯಬೇಕಾದುದನ್ನೂ ಅರಿತು ನಡೆಸುವುದೇ ಈ ವಿದ್ಯೆಯ ಜಾಣ್ಮೆ.

ವೀರ್ಯವನ್ನು ಕೂಡಿಡುವ ಶಕ್ತಿಯಿಂದ ಸಾಕುವವರಿಗೆ ಅನೇಕ ಆಶ್ಚರ್ಯಗಳಾಗಿವೆ. ಎಳೆಯದಾಗಿದ್ದಾಗ ಹಿಡಿದು ಐದು ವರ್ಷಗಳಿಗೂ ಮೇಲೆ ಒಂಟಿಯಾಗಿಟ್ಟಿದ್ದ ಗಿಲಕಿ ಹಾವೊಂದು 19 ಮರಿಗಳನ್ನು ಹೆತ್ತಿತೆಂದು 2011ರಲ್ಲಿ ವರದಿಯಾಯಿತು. ಪರೀಕ್ಷಿಸಿ ನೋಡಲಾಗಿ, ಅವಕ್ಕೆ ತಂದೆಯುಂಟೆಂದೂ, ಕಾಡಿನಲ್ಲಿದ್ದಾಗಲೇ ಕೂಡಿದ ಗಂಡಿನ ವೀರ್ಯವನ್ನು ಅದು ಅಷ್ಟು ಕಾಲ ಉಳಿಸಿಕೊಂಡಿತ್ತೆಂದೂ ತಿಳಿಯಿತು. ಇನ್ನು ಕೆಲವು ಹಾವುಗಳು ಗಂಡಿನ ಸಂಗವೇ ಇಲ್ಲದೆ ಹೆತ್ತುದೂ ಉಂಟು. ಇದು ಸೆರೆಯ ವಿಕಾರವಿರಬಹುದೆಂದು ಮೊದಲು ಎಣಿಸಿದ್ದರು; 2012ರಲ್ಲಿ ಕಾಡಿನ ಹಾವುಗಳಲ್ಲಿಯೂ ಇದು ಕಂಡುಬಂದಿತು.

ಹಾಗಾದರೆ ಸೆರೆಯಲ್ಲಿ ಚಳಿಗಾಲವನ್ನು ನಿರ್ಮಿಸುವ ಕ್ರಮವೇನು? ವರ್ಷವೆಲ್ಲ ಒಂದೇ ಹದದ ಶಾಖದಲ್ಲಿಟ್ಟ ಶೀತದೇಶದ ಹಾವು ತಿಂದು ಕೊಬ್ಬುವುದು, ಆದರೆ ಅನೇಕವೇಳೆ ಹೆರದು. ಆದಕಾರಣ ಶರತ್ಕಾಲದ ಕೊನೆಗೆ ಮೊದಲು ಆಹಾರವನ್ನು ನಿಲ್ಲಿಸುತ್ತಾರೆ. ನಿಲ್ಲಿಸಿದೊಡನೆಯೇ ತಂಪುಮಾಡುವುದಿಲ್ಲ; ಎರಡು ಮೂರು ವಾರ ಬೆಚ್ಚಗೇ ಇಟ್ಟು, ಹೊಟ್ಟೆ ಪೂರ್ತಿ ಬರಿದಾಗುವಂತೆ ನೋಡಿಕೊಳ್ಳುತ್ತಾರೆ. ಏಕೆಂದರೆ ಜೀರ್ಣವಾಗದ ಇಲಿಯೊಂದು ಒಳಗೆ ಉಳಿದು, ಮೈ ತಣ್ಣಗಾಯಿತೆಂದರೆ, ಅದು ಅಲ್ಲಿಯೇ ಕೊಳೆತು ಹಾವಿನ ಪ್ರಾಣಕ್ಕೆ ಕುತ್ತಾಗುವುದು. ಅನಂತರ ದಿನದಿನಕ್ಕೂ ಸ್ವಲ್ಪಸ್ವಲ್ಪವಾಗಿ ಶಾಖವನ್ನೂ ಬೆಳಕನ್ನೂ ಇಳಿಸುತ್ತ ಬಂದು, ಆಡರಿನಂಥ ಉತ್ತರದ ಜಾತಿಗಳನ್ನು ಸುಮಾರು 5ರಿಂದ 10 ಡಿಗ್ರಿ ಸೆಂಟಿಗ್ರೇಡಿನ ಕತ್ತಲೆಯ ಕೋಣೆಯಲ್ಲಿ ಇಡುತ್ತಾರೆ. ಇದಕ್ಕಿಂತ ದಕ್ಷಿಣದ ಜಾತಿಗಳಿಗೆ ಅಷ್ಟು ಚಳಿ ಸಲ್ಲದು. ಎರಡರಿಂದ ನಾಲ್ಕು ತಿಂಗಳು ಈ ನಿದ್ರೆ ನಡೆಯುತ್ತದೆ. ಕುಡಿಯಲು ಶುದ್ಧವಾದ ನೀರನ್ನು ಮಾತ್ರ ಯಾವಾಗಲೂ ಇಟ್ಟಿರಬೇಕು. ಮಲಗಿದ ಹಾವಿಗೆ ಹಸಿವೆಗಿಂತ ನೀರಡಿಕೆಯೇ ಹೆಚ್ಚಿನ ಶತ್ರು. ಆಗಾಗ ತೂಗಿ ನೋಡುತ್ತಾರೆ. ತೂಕವು ಮಿತಿಮೀರಿ ಇಳಿದರೆ ನಿದ್ರೆಯನ್ನು ಅಲ್ಲಿಗೇ ಮುಗಿಸಿ ಎಬ್ಬಿಸಬೇಕು. ಬಡಕಲಾದ ಹಾವನ್ನೂ ರೋಗದ ಹಾವನ್ನೂ ಮಲಗಿಸುವುದೇ ಇಲ್ಲ.

ಎಬ್ಬಿಸುವುದೂ ಮೆಲ್ಲಮೆಲ್ಲಗೆ. ಪ್ರಕೃತಿಯಲ್ಲಿರುವಂತೆ ಗಂಡನ್ನು ಮೊದಲು ಬೆಚ್ಚಗಾಗಿಸಿ, ಅದು ಪೊರೆ ಬಿಟ್ಟ ಮೇಲೆ ಹೆಣ್ಣಿನ ಬಳಿ ಬಿಡುತ್ತಾರೆ. ಕೆಲವೆಡೆ ಎರಡು ಗಂಡುಗಳನ್ನು ಒಂದಕ್ಕೊಂದು ಕಾಣುವಂತೆ ಮಾಡುವುದುಂಟು; ಕಾಳಗದಿಂದ ಉತ್ಸಾಹ ಹೆಚ್ಚುವುದೆಂದು ಅನುಭವಸ್ಥರ ಮತ. ಗರ್ಭವತಿಗೆ ಪೆಟ್ಟಿಗೆಯ ಒಂದು ಕೊನೆ ಬೆಚ್ಚಗೂ ಇನ್ನೊಂದು ಕೊನೆ ತಂಪಾಗಿಯೂ ಇರಬೇಕು. ತನಗೆ ಬೇಕಾದ ಹದವನ್ನು ಅದೇ ಹುಡುಕಿಕೊಳ್ಳುತ್ತದೆ.

ಈ ಕೆಲಸದಲ್ಲಿ ಅಪಾಯ ಸಾಮಾನ್ಯವಾದುದಲ್ಲ. ಚಳಿಯಿಂದ ಜಡವಾದ ಹಾವು ಕಚ್ಚಲಾರದೆಂಬುದು ಪ್ರಾಣಕ್ಕೆ ಎರವಾಗತಕ್ಕ ನಂಬಿಕೆ. ಅದರ ಚಲನೆ ನಿಧಾನವಾಗಿರಬಹುದು, ವಿಷ ಮಾತ್ರ ಕುಂದಿರುವುದಿಲ್ಲ. ಈಗತಾನೆ ಹುಟ್ಟಿದ ಮರಿಗೂ ಹಲ್ಲೂ ವಿಷವೂ ಸಿದ್ಧವಾಗಿರುತ್ತವೆ. ಆದ್ದರಿಂದ ಕೈಯಿಂದ ಮುಟ್ಟದೆ ಕೊಕ್ಕೆಯ ಕೋಲಿನಿಂದ ಎತ್ತುವುದು, ಪರೀಕ್ಷಿಸಬೇಕಾದಾಗ ಪಾರದರ್ಶಕವಾದ ಕೊಳವೆಯೊಳಗೆ ತಲೆಯನ್ನು ಹೋಗಿಸುವುದು, ಬೀಗವಿಲ್ಲದ ಪೆಟ್ಟಿಗೆಯನ್ನು ಬಳಸದಿರುವುದು, ಒಬ್ಬರೇ ಕೆಲಸ ಮಾಡದಿರುವುದು, ತಕ್ಕ ಪ್ರತಿವಿಷವು ಸಮೀಪದಲ್ಲಿರುವಂತೆ ಏರ್ಪಡಿಸುವುದು, ಇವು ಅಲ್ಲಂಘನೀಯವಾದ ನಿಯಮಗಳು. ಬ್ರಿಟನ್ನಿನಲ್ಲಿ 1976ರ ಶಾಸನದಂತೆ ಅಪಾಯಕರವಾದ ವನ್ಯಪ್ರಾಣಿಗಳನ್ನು ಸಾಕಲು ಪರವಾನಗಿ ಬೇಕು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಶಾಸನವು ಕಾಡಿನ ಹಾವನ್ನು ಹಿಡಿದು ಮನೆಯಲ್ಲಿಡಲು ಅವಕಾಶ ಕೊಡುವುದಿಲ್ಲ. ಇದು ಯುಕ್ತವೇ ಆಗಿದೆ. ನಾವು ಹೇಳುತ್ತಿರುವುದು ಸಂಸ್ಥೆಗಳ ಕಾರ್ಯ, ಹವ್ಯಾಸಿಗಳ ವಿನೋದವಲ್ಲ.

ಈಗ ನಮ್ಮ ದೇಶದ ಕಡೆಗೆ ತಿರುಗೋಣ. ಹಿಮಾಲಯದ ಎತ್ತರದಲ್ಲಿ ವಾಸಿಸುವ ಮಂಡಲದ ಹಾವುಗಳು ಶಿಶಿರನಿದ್ರೆ ಮಾಡುತ್ತವೆ. ಕನ್ನಡ ನಾಡಿನ ಹಾವುಗಳಿಗಾದರೋ ಅಂಥ ದೀರ್ಘನಿದ್ರೆಯ ಅವಶ್ಯಕತೆಯಿಲ್ಲ. ಆದರೂ ಇವು ಋತುವನ್ನು ಮರೆತವಲ್ಲ. ಕೊಳಕುಮಂಡಲವು ಚಳಿಯ ತಿಂಗಳುಗಳಲ್ಲಿ ಜೊತೆಗೂಡಿ, ಆರು ತಿಂಗಳಿಗೂ ಮೀರಿ ಗರ್ಭವನ್ನು ಹೊತ್ತು, ಸಾಮಾನ್ಯವಾಗಿ ಮುಂಗಾರಿನ ಆಚೀಚೆಗೆ ಮರಿಹಾಕುತ್ತದೆ. ಒಂದು ಸಲಕ್ಕೆ 20ರಿಂದ 40 ಮರಿಗಳು ಸಾಮಾನ್ಯ. ನಾಗರಹಾವು ಬೇಸಗೆಯಲ್ಲಿ ಮೊಟ್ಟೆಯಿಡುತ್ತದೆ. ಎರಡು ತಿಂಗಳ ಸುಮಾರಿಗೆ, ಮಳೆ ಬಿದ್ದು ಕಪ್ಪೆ ಇಲಿಗಳು ಹೆಚ್ಚಿದ ಕಾಲಕ್ಕೆ ಸರಿಯಾಗಿ, ಮರಿಗಳು ಹೊರಬರುತ್ತವೆ. ಆಡರಿಗೆ ಹಿಮವು ಹೇಗೋ ನಮ್ಮ ಹಾವಿಗೆ ಮುಂಗಾರು ಹಾಗೆ. ನಮ್ಮಲ್ಲಿ ಹಾವುಗಳ ಸಂತಾನವನ್ನು ಬೆಳೆಸಬೇಕೆನ್ನುವವರು ಪರದೇಶದ ಪುಸ್ತಕಗಳಲ್ಲಿರುವ ಶೀತದ ಅಂಕಿಗಳನ್ನು ಹಾಗೆಯೇ ಅನುಕರಿಸಿದರೆ ಹಾವುಗಳು ಸತ್ತಾವು. ತಂಪಾದ ರಾತ್ರಿಗಳು, ಒಣಗಾಳಿ, ಆಮೇಲೆ ತೇವ, ಈ ಕ್ರಮವನ್ನು ಅನುಸರಿಸುವುದೇ ಇಲ್ಲಿಯ ರೀತಿಯಾಗಬೇಕು.

ಕಾಳಿಂಗಸರ್ಪದ ಸಂಗತಿ ಇನ್ನೂ ಸ್ವಾರಸ್ಯವಾದುದು. ಎಲೆಗಳನ್ನು ಮೈಯ ಸುರುಳಿಯಿಂದ ಬಾಚಿ ಗೂಡುಕಟ್ಟಿ, ಅದರಲ್ಲಿ ಮೊಟ್ಟೆಯಿಟ್ಟು, ಮೇಲೆ ಕುಳಿತು ಕಾಯುವ ಹಾವು ಇದು. ಸೆರೆಯಲ್ಲಿಯೂ ಅದು ಈ ಧರ್ಮವನ್ನು ಬಿಡಲಿಲ್ಲವೆಂಬುದನ್ನು ನ್ಯೂಯಾರ್ಕಿನ ಮೃಗಾಲಯದಲ್ಲಿ ನೋಡಿ, ಜೇಮ್ಸ್ ಆಲಿವರ್ ಅವರು 1956ರಲ್ಲಿ ವರ್ಣಿಸಿದರು. ಮಂಗಳೂರಿನ ಪಿಲಿಕುಳದ ಉದ್ಯಾನದಲ್ಲಿಯೂ ಕಾಳಿಂಗಗಳು ಮರಿಮಾಡಿವೆ. ಈ ಹಾವು ಒಂದೇ ಜಾತಿಯದಲ್ಲ, ನಾಲ್ಕು ಜಾತಿಗಳೆಂದು 2024ರಲ್ಲಿ ನಿರ್ಣಯವಾದಾಗ, ಪಶ್ಚಿಮಘಟ್ಟದ ಜಾತಿಗೆ ಶಾಸ್ತ್ರಜ್ಞರು ಇಟ್ಟ ಹೆಸರು ನಮ್ಮ ಕಾಳಿಂಗವೆಂಬುದೇ.

ಕೊನೆಯದಾಗಿ ಪ್ರತಿವಿಷದ ಪ್ರಶ್ನೆ. ಕುದುರೆಗೆ ಅಲ್ಪಾಲ್ಪವಾಗಿ ವಿಷವನ್ನು ಚುಚ್ಚಿ, ಅದರ ರಕ್ತದಲ್ಲಿ ಉಂಟಾಗುವ ಪ್ರತಿರೋಧದ ಸತ್ತ್ವವನ್ನು ಶೋಧಿಸಿ ತೆಗೆದುದೇ ಪ್ರತಿವಿಷ. 1894ರಲ್ಲಿ ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ಮೊದಲಾದವರು ಇದನ್ನು ತೋರಿಸಿಕೊಟ್ಟರು. ಒಂದು ಹಾವಿನ ವಿಷಕ್ಕೆ ಮಾಡಿದ ಮದ್ದು ಬೇರೊಂದು ಬಗೆಯ ಹಾವಿಗೆ ಹತ್ತದೆಂಬುದನ್ನು ಬ್ರೆಜಿಲ್ ದೇಶದ ವಿಟಲ್ ಬ್ರೆಜಿಲ್ ಎಂಬ ವೈದ್ಯರು ಸ್ಥಾಪಿಸಿದರು. 1901ರಲ್ಲಿ ಆರಂಭವಾದ ಬುಟಾಂಟಾನ್ ಸಂಸ್ಥೆಯಲ್ಲಿ ಇಂದಿಗೂ ವಿಷಸರ್ಪಗಳನ್ನು ಸಾಕಿ ಬೆಳೆಸುತ್ತಾರೆ. ನಮ್ಮ ದೇಶದ ಪ್ರತಿವಿಷಕ್ಕೆ ಬೇಕಾದ ವಿಷದ ಬಹುಭಾಗವನ್ನು ಒದಗಿಸುತ್ತ ಬಂದವರು ತಮಿಳುನಾಡಿನ ಇರುಳರು. 1978ರಲ್ಲಿ ಸ್ಥಾಪಿತವಾದ ಅವರ ಸಹಕಾರ ಸಂಘದವರು ಕಾಡುಹೊಲಗಳಲ್ಲಿ ಹಾವು ಹಿಡಿದು, ಮಡಕೆಗಳಲ್ಲಿಟ್ಟು, ಕೆಲವು ವಾರಗಳಲ್ಲಿ ಕೆಲವು ಸಲ ವಿಷವನ್ನು ತೆಗೆದು, ಮತ್ತೆ ಬಿಟ್ಟುಬಿಡುತ್ತಾರೆ. ಅವರ ಕೌಶಲಕ್ಕೆ ಎಷ್ಟು ಜೀವಗಳು ಋಣಿಯಾಗಿವೆಯೋ ಹೇಳಲಸಾಧ್ಯ.

ಆದರೆ ತೊಡಕೊಂದಿದೆ. ಒಂದೇ ಜಾತಿಯ ಹಾವಿನ ವಿಷವೂ ಸೀಮೆಯಿಂದ ಸೀಮೆಗೆ ಬೇರೆಯಾಗುವುದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರೇ ಮೊದಲಾದವರು ತೋರಿಸಿದ್ದಾರೆ. ತಮಿಳುನಾಡಿನ ನಾಗರಹಾವಿನಿಂದ ಮಾಡಿದ ಮದ್ದು ರಾಜಸ್ಥಾನದ ಅಥವಾ ಪಂಜಾಬಿನ ಹಾವು ಕಡಿದವನಿಗೆ ಅಷ್ಟೇ ಗುಣಕಾರಿಯೆಂದು ಹೇಳಲಾಗದು. ಹೀಗಿರುವಾಗ ಒಂದೇ ಸೀಮೆಯ ಹಾವುಗಳನ್ನು ನಂಬಿ, ಇಡೀ ದೇಶಕ್ಕೆ ಮದ್ದು ಮಾಡುವುದು ಎಷ್ಟು ದಿನ ನಡೆದೀತು? ಸೀಮೆಸೀಮೆಗೂ ಸರ್ಪಾಲಯಗಳಿರಬೇಕು, ಅಲ್ಲಿ ಆಯಾ ಸೀಮೆಯ ಹಾವುಗಳು ಗೊತ್ತಾದ ತಾಯಿತಂದೆಗಳಿಂದ ಹುಟ್ಟಿ, ರೋಗವಿಲ್ಲದೆ ಬೆಳೆದು, ವರ್ಷವೆಲ್ಲ ಒಂದೇ ಬಗೆಯ ವಿಷವನ್ನು ಕೊಡುವಂತಿರಬೇಕು ಎಂಬುದು ನಮ್ಮ ಅಭಿಪ್ರಾಯ. ಇದಕ್ಕೆ ಖರ್ಚು ಹೆಚ್ಚು. ಮರಿ ದೊಡ್ಡದಾಗಲು ವರ್ಷಗಳು ಬೇಕು. ಮೊದಲ ಫಲವನ್ನು ಕಾಣಲು ತಾಳ್ಮೆ ಬೇಕು. ಆದರೆ ಇರುಳರ ಅನುಭವವೂ ಪ್ರಯೋಗಶಾಲೆಯ ವಿದ್ಯೆಯೂ ಕೂಡಿದರೆ ಇದು ಅಸಾಧ್ಯವಲ್ಲ. ಹಿಡಿಯುವ ಕೈಗೇ ಸಾಕುವ ಕೆಲಸವನ್ನೂ ವಹಿಸಿದರೆ, ಅವರ ಜೀವನಕ್ಕೂ ಆಧಾರವಾದೀತು.

ಕರ್ನಾಟಕ ಸರ್ಕಾರವು 2024ರಲ್ಲಿ ಹಾವಿನ ಕಡಿತವನ್ನು ಆಸ್ಪತ್ರೆಗಳು ತಪ್ಪದೆ ವರದಿಮಾಡಬೇಕಾದ ವ್ಯಾಧಿಗಳ ಪಟ್ಟಿಗೆ ಸೇರಿಸಿತು. ಎಣಿಕೆಯಿಂದಲೇ ಚಿಕಿತ್ಸೆಯ ಏರ್ಪಾಡು ಆರಂಭವಾಗತಕ್ಕದ್ದು. ಶ್ರೋತೃಗಳು ತಮ್ಮ ಮನೆಯವರಿಗೂ ಆಳುಕಾಳುಗಳಿಗೂ ಒಂದು ಮಾತನ್ನು ತಿಳಿಸಿದರೆ ಈ ಉಪನ್ಯಾಸವು ಸಾರ್ಥಕವಾದಂತೆ. ಹಾವು ಕಡಿದರೆ ಗಾಯವನ್ನು ಕೊಯ್ಯಬಾರದು, ಬಾಯಿಂದ ಹೀರಬಾರದು, ಹಗ್ಗದಿಂದ ಬಿಗಿಯಬಾರದು, ಮಂತ್ರಕ್ಕಾಗಿ ಕಾಯಬಾರದು. ಕಡಿತವಾದ ಅಂಗವನ್ನು ಅಲುಗಿಸದೆ, ರೋಗಿಯನ್ನು ನಡೆಸದೆ, ತಡಮಾಡದೆ ಪ್ರತಿವಿಷವಿರುವ ಆಸ್ಪತ್ರೆಗೆ ಸಾಗಿಸಬೇಕು. ಅಲ್ಲಿ ಅವನ ಪ್ರಾಣವನ್ನುಳಿಸುವ ಆ ಸಣ್ಣ ಸೀಸೆಯೊಳಗಿನ ಮದ್ದು, ಎಲ್ಲಿಯೋ ಒಂದು ಹಾವನ್ನು ಯಾರೋ ಕೊಲ್ಲದೆ ಕಾಪಾಡಿದುದರ ಫಲವೆಂಬುದನ್ನು ನಾವೆಲ್ಲರೂ ನೆನೆಯಬೇಕು.